ಜೊಂಡಿನ ನಡುವೆ ಮೋಟಾರು

ಹಸಿರು, ಬರೀ ಹಸಿರು, ಕಿಟಕಿಯಾಚೆ ಓಡುತ್ತಿರುವುದು ಜೊಂಡೋ ಜೋಳದ ಹೊಲವೋ, ವಾಸನೆ ಬಂತು, ಕೊಳೆತ ಎಲೆ, ಕೆಸರು, ಹಾಗಾದರೆ ಜೊಂಡೇ, ಕೆರೆ ಹತ್ತಿರ ಬಂತು — ಸಾಹುಕಾರರ ಮೋಟಾರು ಓಡಿಸುವ ನನ್ನ ಗಂಡ, ಅವರನ್ನು ವಾಡಿಯಲ್ಲಿ ರೈಲು ಹತ್ತಿಸಿ ಬಂದವರೇ, ಬಾಗಿಲಲ್ಲಿ ಹಾರ್ನ್ ಒತ್ತಿದರು, ಏಳು ಶಿವಕಾಂತಾ, ಎಂಟು ವರ್ಷ ಆತು ಮಂದೀನ್ನ ಕುಂದ್ರಿಸ್ಕೊಂಡು ತಿರಗಾಕತ್ತೀನಿ, ನಿನ್ನ ಒಂದ್ಸಲನೂ ಕುಂದ್ರಿಸಿಲ್ಲ. ಚಿಂಚೋಳಿಗೆಲ್ಲ ಇರುವುದು ಇದೊಂದೇ ಮೋಟಾರು, ಚರ್ಮದ ಸೀಟು ತೂಗುತ್ತಿದೆ, ನಿದ್ದೆಯ ಹಾಗೆ, ಗಾಳಿ ಕಿವಿಯೊಳಗೆ ಏನೋ ಹೇಳಿ ಹೋಗುತ್ತದೆ, ಹೀಗೇ ಹೋಗುತ್ತಿದ್ದರೆ ಸಾಕು, ಇಳಿಯುವುದೇ ಬೇಡ, ಇಳಿದರೆ ನಡೆಯಬೇಕು, ನಡೆದರೆ ತಿಳಿದುಬಿಡುತ್ತದೆ. ದೀಪಾವಳಿಯಿಂದ ಕಣ್ಣಿಗೆ ಹೊಗೆ ಕವಿದಿದೆ, ಬೆಳಕು ಕಾಣುತ್ತದೆ, ಬಣ್ಣ ಕಾಣುತ್ತದೆ, ಮುಖ ಕಾಣುವುದಿಲ್ಲ, ಯಾರಿಗೂ ಹೇಳಿಲ್ಲ — ಹೇಳಿದರೆ ಇವರ ಅಕ್ಕ ಭಾಗಮ್ಮ ಸುಮ್ಮನಿರುವರೇ, ಮಕ್ಕಳಂತೂ ಇಲ್ಲ, ಈಗ ಕಣ್ಣೂ ಇಲ್ಲ, ಇನ್ನೊಂದು ಮದಿವಿ ಮಾಡ್ಕೋ ತಮ್ಮ.

ನಿಂತಿತು ಮೋಟಾರು, ಬಾ, ಹತ್ತು ಹೆಜ್ಜಿ ಅಷ್ಟೇ, ತೋಳು ಹಿಡಿದು ನಡೆದೆ, ಮತ್ತೆ ಹತ್ತಿದೆವು, ಮತ್ತೆ ಇಳಿದೆವು, ತಾವರೆ ನೋಡು ಅಂದರು, ನೋಡಿದೆ ಅಂದೆ, ನೀರುಕೋಳಿ ನೋಡು ಅಂದರು, ಹೌದರಿ ಅಂದೆ, ಸುಳ್ಳು ಎಷ್ಟು ಸಲೀಸು, ಬಿಸಿಲಲ್ಲಿ ತೇಲಿದಂತೆ. ಮೂರನೆಯ ಸಲ ಏರಿಯ ಮೇಲೆ, ಅಗೋ ಕೊಕ್ಕರಿ ಹಿಂಡು, ಬೆಳ್ಳಗ ಕುಂತಾವ. ಭಾಳ ಛಂದ ಕಾಣ್ತಾವರಿ. ಜೊಂಡು ಜೊಂಡಿಗೆ ಉಜ್ಜುವ ಸದ್ದು. ಅಲ್ಲಿ ಕೊಕ್ಕರಿ ಇಲ್ಲ ಶಿವಕಾಂತಾ, ಬರೀ ನೀರದ. ಮೊನ್ನಿ ನಾ ಈ ಕಡಿ ನಿಂತಿದ್ರ ನೀ ನೀರಿನ ಚರಗಿ ಆ ಕಡಿ ಗ್ವಾಡಿಗಿ ಕೊಟ್ಟಾಗೇ ನನಗ ಅನುಮಾನ ಬಂತು.

ಸೆರಗು ಬಾಯಿಗೆ ಒತ್ತಿಕೊಂಡೆ, ಈಗ ಹೇಳುತ್ತಾರೆ, ಈಗ, ಮದುವೆಯ ಮಾತು — ನನಗ್ಯಾಕ ಹೇಳ್ಲಿಲ್ಲ? ಅಂದರು. ಭಾಗಮ್ಮಕ್ಕಗ ಅಂಜಿ. ಅಂದುಬಿಟ್ಟೆ. ಅವರ ಉಸಿರು ನಡುಗಿತು, ಕೋಪವೋ ಅಳುವೋ, ಮುಖ ಕಾಣದು. ಅಕ್ಕಗ ನಾ ಹೇಳ್ತೀನಿ, ಹೈದ್ರಾಬಾದಿನ್ಯಾಗ ಕಣ್ಣಿನ ದವಾಖಾನಿ ಅದ, ಹೋಗಮು, ಆಗಲಿಲ್ಲಂದ್ರ ರೊಟ್ಟಿ ನಾ ಬಡೀತೀನಿ. ನಿಮಗ ಬರ್ತದೇನ್ರಿ? ಮೋಟಾರ ಕಲ್ತ ಕೈ, ರೊಟ್ಟಿ ಕಲೀಲಿಕ್ಕಿಲ್ಲೇನು. ನಕ್ಕೆನೋ, ಅತ್ತೆನೋ, ಕುಂದ್ರು ಇಲ್ಲಿ, ಅಲುಗಬ್ಯಾಡ, ಮೀನ ಬರ್ತಾವ, ಅವರೇ ನನ್ನ ಪಾದ ಹಿಡಿದು ನೀರಿಗಿಳಿಸಿದರು, ತಣ್ಣಗೆ, ಕೆಸರು ಮೆತ್ತಗೆ ಬೆರಳ ಸಂದಿಗೆ ಏರುತ್ತದೆ, ಆಮೇಲೆ ಚುಕ್, ಹೆಬ್ಬೆರಳಿಗೆ ಮೀನಿನ ಬಾಯಿ, ಅಕ್ಕಿ ಕಾಳಿನಷ್ಟು, ಅವರಿಗೆ ಗೊತ್ತಾಗಲಿಲ್ಲ, ನನಗೇ ಮೊದಲು ಗೊತ್ತಾಯಿತು, ಮತ್ತೆ ಅದೇ ಬಾಯಿ, ಬಂತು, ಹೋಯಿತು, ಬಂತು, ಅಲುಗಬಾರದು, ಬಂತು —