ಮುಳುಗಿದ ಊರಿಗೊಂದು ಹೂಂ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ವರ್ಷ, ಸಮುದ್ರದ ಪಕ್ಕದ ಒಂದು ಊರಿನಲ್ಲಿ ಒಬ್ಬಳು ಅಜ್ಜಿ, ಒಬ್ಬಳು ಮೊಮ್ಮಗಳು ಇದ್ದರು. ಕಥೆಗಳಲ್ಲಾದರೆ ಇಂಥವರ ಮನೆಗೆ ರಾಕ್ಷಸ ಬರುತ್ತಾನೆ. ಇವರ ಮನೆಗೆ ಬಂದದ್ದು ಪಂಡಿತ. ರಾಕ್ಷಸನಾದರೆ ನುಂಗಿ ಸುಮ್ಮನಾಗುತ್ತಾನೆ. ಪಂಡಿತ ನುಂಗುವುದಿಲ್ಲ, ವಿವರಿಸುತ್ತಾನೆ.

ಬಂದರಿನ ಜನ ಆತನನ್ನು ಪಾತಾಳ ಪಂಡಿತರು ಎಂದು ಕರೆಯುತ್ತಿದ್ದರು. ಅದು ಕುಚೋದ್ಯವೆಂದು ತಿಳಿಯದೆ ಅವರು ಅದನ್ನೇ ತಮ್ಮ ಕಾರ್ಡಿನಲ್ಲಿ ಅಚ್ಚು ಹಾಕಿಸಿಕೊಂಡಿದ್ದರು. ಕಡಲ ತಳದಲ್ಲಿ ಮಾಯವಾದ ನಗರಗಳನ್ನು ಹುಡುಕುವುದು ಅವರ ಕಸುಬು. ಎಷ್ಟೋ ಸಮುದ್ರಗಳಲ್ಲಿ ಮುಳುಗಿ ಎದ್ದಿದ್ದರು. ಊರೆಂಬುದು ಒಂದೂ ಕೈಗೆ ಹತ್ತಿರಲಿಲ್ಲ, ಬಿರುದು ಮಾತ್ರ ಪ್ರತಿ ಮುಳುಗಿಗೂ ಒಂದರಂತೆ ಅಂಟಿಕೊಂಡು ಬಂದಿತ್ತು. ನೀರಿಗಿಳಿಯುವಾಗ ಮೈಗಂಟಿದ ಕಪ್ಪು ರಬ್ಬರಿನ ಉಡುಪು ತೊಡುತ್ತಿದ್ದರು. ಫೋಟೋದವರು ಬಂದರೆ ದಡದಲ್ಲಿರುವಾಗಲೂ ಅದನ್ನೇ ತೊಡುತ್ತಿದ್ದರು.

ಮೊಮ್ಮಗಳಿಗೆ ಬಂದರಿನ ಮ್ಯೂಸಿಯಂನಲ್ಲಿ ಕೆಲಸ. ನೀರಿನಿಂದ ತೆಗೆದ ಸಾಮಾನಿನ ಉಪ್ಪು ಬಿಡಿಸುವುದು: ಸಿಹಿನೀರಿನ ತೊಟ್ಟಿಯಲ್ಲಿ ನೆನೆಹಾಕಬೇಕು, ನೀರು ಬದಲಿಸುತ್ತಿರಬೇಕು, ಆಮೇಲೆ ಹಲ್ಲುಜ್ಜುವ ಬ್ರಷ್ಷಿನಿಂದ ಚಿಪ್ಪು, ಪಾಚಿ ಕೆರೆಯಬೇಕು. ಹಿಂಬದಿಯ ಕೋಣೆ, ಮೇಲೊಂದು ಟ್ಯೂಬ್‌ಲೈಟು, ಕಾಲ ಕೆಳಗೆ ಸದಾ ಒದ್ದೆ ನೆಲ. ಕೈ ಬ್ರಷ್ಷಿನ ಮೇಲಿದ್ದರೆ ಅವಳ ಮನಸ್ಸು ಏಳು ಸಮುದ್ರದಾಚೆ. ತುಕ್ಕು ಹಿಡಿದ ಕೆಟಲಿನ ಮುಚ್ಚಳ ಸಿಕ್ಕರೂ ಯಾವ ರಾಣಿ ಇದನ್ನು ಸಿಟ್ಟಿನಲ್ಲಿ ಬಿಸಾಡಿದಳೋ ಎಂದು ಅರ್ಧ ಗಂಟೆ ಕಳೆಯುವ ಜಾತಿ. ಆದ್ದರಿಂದ ಪಂಡಿತರು ಬಂದು "ಈ ಕಡಲಿನಡಿ ಒಂದು ಮಹಾನಗರವಿದೆ" ಎಂದಾಗ ಅವಳು ಬ್ರಷ್ಷು ಕೆಳಗಿಟ್ಟು, ಯಾರೂ ಕೇಳದಿದ್ದರೂ ಹೇಳಿಯೇಬಿಟ್ಟಳು: "ಸರ್, ನಮ್ಮಜ್ಜಿಗೆ ಆ ಊರಿನ ಕಥೆ ಗೊತ್ತು."

ಪಂಡಿತರ ಕಿವಿ ನಿಮಿರಿತು.

ಅಜ್ಜಿಯ ಕಥೆಗೆ ಒಂದೇ ಕಟ್ಟಳೆ. ಕೇಳುವವರು ಹೂಂಗುಟ್ಟಬೇಕು. ಮಾತು ಮಾತಿಗೂ ಹೂಂ. ಹೂಂ ನಿಂತರೆ ಕೇಳುವವರು ನಿದ್ದೆಹೋದರೆಂದು ಲೆಕ್ಕ, ಕಥೆಯೂ ಅಲ್ಲಿಗೇ ನಿಂತಿತು. ಮುಳುಗಿದ ಊರಿನ ಕಥೆಯಂತೂ ಹುಡುಗಿಯ ಬಾಲ್ಯವಿಡೀ ಒಂದೇ ಕಡೆ ನಿಲ್ಲುತ್ತಿತ್ತು. ಏಳುಪ್ಪರಿಗೆಯ ಮನೆಗಳು ಬರುತ್ತಿದ್ದವು, ದೀಪದ ಬೀದಿ ಬರುತ್ತಿತ್ತು, ಹೊಸ್ತಿಲಿಗೆ ಚಿನ್ನದ ರೇಕು ಬಡಿಯುವ ಅಕ್ಕಸಾಲಿ ಬರುತ್ತಿದ್ದ, ಆಮೇಲೆ ಸಮುದ್ರದ ನೀರು ಹೊಸ್ತಿಲಿಗೆ ಬರುತ್ತಿತ್ತು. ನೀರು ಹೊಸ್ತಿಲಿಗೆ ಬಂತೋ, ಹುಡುಗಿಯ ರೆಪ್ಪೆ ಕೆನ್ನೆಗೆ ಬಂತು. ಬೆಳೆದ ಮೇಲೂ ಅದೇ ಪಾಡು. ದಿನವಿಡೀ ತೊಟ್ಟಿಯಲ್ಲಿ ಕೈಯಾಡಿಸಿ ಬಂದು ಅಜ್ಜಿಯ ಪಕ್ಕ ಉರುಳಿದರೆ, ಆ ಹೊಸ್ತಿಲು ದಾಟಿದ್ದೇ ಇಲ್ಲ.

"ಒಂದು ಸಲ ಕೊನೇವರೆಗೂ ಹೂಂ ಅನ್ನು, ಕೊನೇವರೆಗೂ ಹೇಳ್ತೀನಿ. ಮಾತು ಕೊಟ್ಟಿದ್ದೀನಿ," ಅಂತ ಅಜ್ಜಿ ಅನ್ನುತ್ತಿದ್ದಳು. "ನಿನ್ನಂಥ ನಿದ್ದೆಬಡುಕಿಗೆ ಮಾತು ಕೊಟ್ಟದ್ದು ನನ್ನ ಬುದ್ಧಿ."

ಈಚೆಗೆ ಮೊಮ್ಮಗಳಿಗೆ ಒಳಗೊಳಗೇ ಹೆದರಿಕೆ ಹತ್ತಿತ್ತು. ಅಜ್ಜಿಯ ಕಥೆಗಳು ಬಾಲ ಕಳೆದುಕೊಳ್ಳುತ್ತಿದ್ದವು. ಮೊನ್ನೆ ರಾಜಕುಮಾರನನ್ನು ಮದುವೆಮಂಟಪದ ತನಕ ತಂದು, "ಆಮೇಲೆ... ಅದೇನೋ ಆಯ್ತು, ನರಿ ಬಂತು ಅಂತ ಕಾಣುತ್ತೆ," ಎಂದು ಮಗ್ಗುಲಾಗಿದ್ದಳು. ಆ ಮದುವೆಗೆ ನರಿಯನ್ನು ಯಾರೂ ಕರೆದಿರಲಿಲ್ಲ. ಮುಳುಗಿದ ಊರಿನ ಕೊನೆಯೂ ಹೀಗೇ ಜಾರಿಹೋದರೆ ಅದನ್ನು ಹುಡುಕಲು ಯಾವ ಪಂಡಿತರಿಗೂ ಆಗದು. ಪಂಡಿತರ ಮುಂದಾದರೂ ಅಜ್ಜಿ ಪೂರ್ತಿ ಹೇಳಿಯಾಳು, ತಾನೂ ಎಚ್ಚರವಿದ್ದು ಕೇಳಿಯೇನು ಎಂಬ ದುರಾಸೆಯೂ ಅವಳ ಬಾಯಿ ಬಿಡಿಸಿತ್ತು.

ಪಂಡಿತರು ಒಂದು ಮಧ್ಯಾಹ್ನ ಬಂದರು. ರೆಕಾರ್ಡರನ್ನು ಅಜ್ಜಿಯ ಮೂಗಿನ ಹತ್ತಿರ ಇಟ್ಟು, ಹಾಸಿಗೆಯ ಅಂಚಿನಲ್ಲಿ ಕೂತರು. ಅಜ್ಜಿ ಆ ಡಬ್ಬಿಯನ್ನು ಒಂದು ಸಲ ನೋಡಿ, ಪಂಡಿತರನ್ನೂ ಒಂದು ಸಲ ನೋಡಿ, ಎರಡೂ ಹೂಂಗುಟ್ಟುವ ವಸ್ತುಗಳಲ್ಲವೆಂದು ತೀರ್ಮಾನಿಸಿ, "ಪುಟ್ಟಿ, ನೀನು ಕೂರು," ಎಂದಳು. ಕಥೆ ಹೊರಟಿತು. ಮೊಮ್ಮಗಳ ಹೂಂ ಅದರ ಹಿಂದೆ ಹೆಜ್ಜೆಗೆ ಹೆಜ್ಜೆ ಕೂಡಿಸಿಕೊಂಡು ನಡೆಯಿತು. ಅವತ್ತು ಅವಳಿಗೆ ನಿದ್ದೆಯ ಸುಳಿವೂ ಇಲ್ಲ. ಅಕ್ಕಸಾಲಿ ಬಂದ, ರೇಕು ಬಡಿದ.

"ನೀರು ಬಂತು. ಹೊಸ್ತಿಲಿಗೇ ಬಂತು."

"ಹೂಂ."

ಟಕ್ ಎಂದು ಪಂಡಿತರು ಡಬ್ಬಿ ಆರಿಸಿದರು. "ಸಾಕು! ಮುಳುಗಿತಲ್ಲ, ಇಷ್ಟೇ ಬೇಕಾಗಿತ್ತು ನನಗೆ."

"ಇನ್ನೂ ಇದೆಯಪ್ಪ," ಎಂದಳು ಅಜ್ಜಿ.

"ಮುಳುಗಿದ ಮೇಲೆ ಇನ್ನೇನಿರುತ್ತಮ್ಮ?" ಎಂದು ನಕ್ಕು, ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು.

ಅಜ್ಜಿಯ ಮುಖ ಗಂಟಾಯಿತು. ಮೊಮ್ಮಗಳು ಹತ್ತಿರ ಸರಿದು, "ಅವರು ಹೋದರೆ ಹೋಗಲಿ, ನಾನಿದ್ದೀನಲ್ಲ. ಹೂಂ, ಹೇಳು," ಎಂದರೆ, ಮುದುಕಿ ಗೋಡೆಗೆ ಮುಖ ಮಾಡಿದಳು.

"ಯಾವ ಹೂಂ? ನಿನ್ನ ಹೂಂ ಅವನ ಡಬ್ಬಿಯಲ್ಲಿ ಕೂತಿದೆ. ಅದನ್ನ ಬಿಡಿಸಿಕೊಂಡು ಬಾ, ಉಳಿದದ್ದು ಹೇಳ್ತೀನಿ."

"ಅಜ್ಜಿ, ನಾನು ಬೇರೆ ಹೂಂ ಅಂತೀನಿ!"

"ಬೇರೆಯದು ಬೇರೆ ಕಥೆಗೆ. ನೆಂಟರ ಮನೆಗೆ ಕಳಿಸಿದ ಪಾತ್ರೆ ವಾಪಸ್ ಬರದೆ ಅದರಲ್ಲೇ ಅಡುಗೆ ಮಾಡು ಅಂದರೆ ಹೇಗೆ ಮಾಡಲಿ?"

ಇದನ್ನು ಕೇಳಿ ನಗುವವರು ನಗಲಿ. ಮೊಮ್ಮಗಳು ನಗಲಿಲ್ಲ. ಅಜ್ಜಿಯ ಹಠ ಅವಳಿಗೆ ಗೊತ್ತಿತ್ತು.

ಅತ್ತ ಡಬ್ಬಿಯಲ್ಲಿದ್ದ ಹೂಂ ದೊಡ್ಡ ಮನುಷ್ಯನಾಗುತ್ತಿತ್ತು. ಪಂಡಿತರಿಗೆ ಅಜ್ಜಿ ಇರಲಿಲ್ಲವೋ, ಇದ್ದವಳು ಕಥೆ ಹೇಳಲಿಲ್ಲವೋ, ಅಂತೂ ಹೂಂಗುಟ್ಟುವುದೆಂದರೆ ಏನೆಂದು ಆ ತಲೆಗೆ ಹೊಳೆಯಲೇ ಇಲ್ಲ. ಒಬ್ಬಳು ಹೇಳಿಕೆ ಕೊಡುತ್ತಿದ್ದಾಳೆ, ಇನ್ನೊಬ್ಬಳು ಸಾಲುಸಾಲಿಗೂ ಅದನ್ನು ದೃಢಪಡಿಸುತ್ತಿದ್ದಾಳೆ ಎಂದು ಅವರು ತಿಳಿದರು. ಮ್ಯೂಸಿಯಂನ ಗೋಡೆಗೆ ಬಂದ ಫಲಕದಲ್ಲಿ ಹೀಗೆ ಅಚ್ಚಾಗಿತ್ತು: "ಮೊದಲ ಸಾಕ್ಷಿ: ಮನೆಗಳಿಗೆ ಏಳು ಉಪ್ಪರಿಗೆ. ಎರಡನೆಯ ಸಾಕ್ಷಿ: ಹೌದು. ಮೊದಲ ಸಾಕ್ಷಿ: ಹೊಸ್ತಿಲಿಗೆ ಚಿನ್ನ. ಎರಡನೆಯ ಸಾಕ್ಷಿ: ಹೌದು." ಎರಡು ತಲೆಮಾರುಗಳ ಒಮ್ಮತದ ಸಾಕ್ಷ್ಯ ಎಂದು ಕೆಳಗೆ ಷರಾ. ಆ ಒಮ್ಮತದ ಬಲದ ಮೇಲೆ ದೋಣಿ ಹೊರಟಿತು, ತಳ ನೋಡುವ ಯಂತ್ರ ಹೊರಟಿತು, ಪಂಡಿತರೂ ಹೊರಟರು, ಫೋಟೋದವರಂತೂ ಮೊದಲೇ ಹೋಗಿ ದೋಣಿಯಲ್ಲಿ ಜಾಗ ಹಿಡಿದಿದ್ದರು.

ಕಡಲು ಅವರಿಗೆ ಕೊಟ್ಟದ್ದು ಒಂದು ಹೆಡಿಗೆ ಟೈಲು.

ಮೊಮ್ಮಗಳೇ ಅವನ್ನು ತೊಟ್ಟಿಯಲ್ಲಿ ನೆನೆಹಾಕಿ ಉಜ್ಜಿದಳು. ಪಾಚಿಯ ಕೆಳಗೆ ನೀಲಿ ಹೂವು ಕಂಡಾಗ, ಇದೇ ಆ ದೀಪದ ಬೀದಿ ಎಂದು ಕಣ್ಣು ತುಂಬಿಕೊಂಡಳು. ಆಮೇಲೆ ಒಂದನ್ನು ತಿರುವಿ ಹಾಕಿದಳು. ಹಿಂಬದಿಯಲ್ಲಿ ಉಬ್ಬಿದ ಅಕ್ಷರಗಳಲ್ಲಿ ಒಂದು ಕಾರ್ಖಾನೆಯ ಹೆಸರು, ಅದರ ಕೆಳಗೆ ಒಂದು ಭರವಸೆ: "ಜಾರುವುದಿಲ್ಲ". ಯಾವುದೋ ಹೋಟೆಲಿನ ಸ್ನಾನದ ಮನೆ ಒಡೆದು ಅವಶೇಷವನ್ನು ನೀರಿಗೆ ಸುರಿದಿದ್ದರು. ತುಂಬಿದ ಕಣ್ಣನ್ನು ಅವಳು ಒದ್ದೆ ತೋಳಿನಿಂದ ಒರೆಸಿಕೊಂಡಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಪಂಡಿತರಿಗೆ ತೋರಿಸಿದಳು. ಅವರು ಕನ್ನಡಕ ಏರಿಸಿ ಓದಿದರು, ಇಳಿಸಿ ಓದಿದರು, ಕೊನೆಗೆ ಬಹಳ ಗಂಭೀರವಾಗಿ, "ಹಿಂಬದಿ ಕೆಳಮುಖವಾಗಿರಲಿ," ಎಂದರು.

"ಸರ್, ಇದು ಬಚ್ಚಲಿನ ಟೈಲು."

"ನೋಡಮ್ಮ, ಊರೆಂದ ಮೇಲೆ ಬಚ್ಚಲು ಇರಲ್ವಾ?"

ಇಂಥ ಮಾತಿಗೆ ಎದುರಾಡಲು ಬೇರೆಯದೇ ನಾಲಿಗೆ ಬೇಕು. ಅವಳು ವಿಷಯಕ್ಕೆ ಬಂದಳು: "ಆ ರೆಕಾರ್ಡಿಂಗ್ ಇದೆಯಲ್ಲ, ಅದರಲ್ಲಿರೋ ನನ್ನ ಹೂಂ ನನಗೆ ವಾಪಸ್ ಬೇಕಿತ್ತು."

ಪಂಡಿತರು ಪಕ್ಕದಲ್ಲಿದ್ದ ಮೇಡಂ ಕಡೆ ನೋಡಿದರು. ಮೇಡಂ ಎಂದರೆ ಮ್ಯೂಸಿಯಂನ ಯಜಮಾನಿಕೆ ಹೊತ್ತಾಕೆ. ಪಂಡಿತರು ಕಾಲಿಟ್ಟಂದಿನಿಂದ ಈಕೆ ನೆಲದಿಂದ ಒಂದು ಗೇಣು ಮೇಲೆಯೇ ಓಡಾಡುತ್ತಿದ್ದರು.

"ಏನೇ ಹುಡುಗಿ, ತಲೆ ನೆಟ್ಟಗಿದೆ ತಾನೇ?" ಎಂದರು ಮೇಡಂ. "ಈ ಟೈಲುಗಳ ಪ್ರದರ್ಶನದ ಉದ್ಘಾಟನೆಯ ದಿನ ವೇದಿಕೆ ಹತ್ತಬೇಕು ನೀನು. ರೆಕಾರ್ಡಿಂಗ್ ಹಾಕ್ತಾರೆ. ಕೊನೆಗೆ ಪಂಡಿತರು ನಿನ್ನ ಕೇಳ್ತಾರೆ, ಇದೆಲ್ಲ ನಿಜ ತಾನೇ ಅಂತ. ನೀನು ಹೇಳಬೇಕಾದ್ದು ಒಂದೇ ಅಕ್ಷರ. ಅದನ್ನ ಹೇಳು, ಈ ಒದ್ದೆ ಕೋಣೆಯಿಂದ ನಿನ್ನನ್ನ ಮುಂದಿನ ಕೋಣೆಗೆ ಹಾಕ್ತೀನಿ. ಹೇಳಲ್ಲ ಅಂದರೆ ಮನೆಯಲ್ಲೇ ಇರು, ಅಜ್ಜಿಗೆ ಹೂಂಗುಟ್ಟಿಕೊಂಡು."

ಮುಂದಿನ ಕೋಣೆಯಲ್ಲಿ ಕಿಟಕಿಯಿತ್ತು, ನೆಲ ಒಣಗಿತ್ತು. ಮೊಮ್ಮಗಳು ಕಾಲಬೆರಳ ಸಂದಿನಲ್ಲಿ ಬಿಳುಚಿ ಬಿರಿದಿದ್ದ ಚರ್ಮ ನೋಡಿಕೊಂಡಳು. ಆಸೆ ಇರಲಿಲ್ಲ ಎಂದರೆ ಯಾರು ನಂಬುತ್ತಾರೆ?

ಉದ್ಘಾಟನೆಯ ಬೆಳಿಗ್ಗೆ ಅಜ್ಜಿಯನ್ನು ಕರೆತರಲು ಕಾರು ಬಂತು. ಮುಂದಿನ ಸಾಲಿನಲ್ಲಿ, ಕಾಲು ನೆಲಕ್ಕೆ ತಾಗದ ದೊಡ್ಡ ಕುರ್ಚಿಯಲ್ಲಿ ಕೂರಿಸಿದರು. ಟೈಲುಗಳು ಗಾಜಿನ ಪೆಟ್ಟಿಗೆಯಲ್ಲಿ, ಮಖಮಲ್ಲಿನ ಮೇಲೆ, ಬೆನ್ನು ತೋರಿಸದೆ ಮರ್ಯಾದೆಯಿಂದ ಮಲಗಿದ್ದವು. ಜನ ಬಗ್ಗಿ ನೋಡಿ ತಲೆದೂಗುತ್ತಿದ್ದರು. ತಮ್ಮ ಮನೆಯ ಬಚ್ಚಲಿನಲ್ಲಿ ದಿನಾ ಬೆಳಿಗ್ಗೆ ಇಂಥದರ ಮೇಲೇ ನಿಲ್ಲುವವರು ಕೂಡ, ಮುಟ್ಟಬಾರದು ಎಂಬ ಹಲಗೆ ಕಂಡೊಡನೆ ಭಕ್ತರಾಗಿದ್ದರು. ಪಂಡಿತರು ರಬ್ಬರಿನ ಉಡುಪಿನಲ್ಲಿ ಬೆವರುತ್ತ ಸಮುದ್ರದ ಬಗ್ಗೆ ಮಾತಾಡಿದರು, ನಗರದ ಬಗ್ಗೆ ಮಾತಾಡಿದರು, ಮುಖ್ಯವಾಗಿ ತಮ್ಮ ಬಗ್ಗೆ ಮಾತಾಡಿದರು. ಆಮೇಲೆ ರೆಕಾರ್ಡಿಂಗ್ ಹಾಕಿದರು.

ಅಜ್ಜಿಯ ದನಿ ಸ್ಪೀಕರಿನಿಂದ ಇಡೀ ಸಭಾಂಗಣಕ್ಕೆ ಹರಡಿತು. ಹಿಂದೆಯೇ ಹೂಂ. ಮತ್ತೆ ಹೂಂ. ಅಷ್ಟು ದೊಡ್ಡದಾಗಿ ಕೇಳಿದಾಗ ಮೊಮ್ಮಗಳಿಗೆ ತಿಳಿಯಿತು, ಅದು ಹಾಸಿಗೆಯ ಮೇಲೆ ಮಂಡಿ ಮಡಚಿ ಕೂತು, ಮುಂದೇನು ಮುಂದೇನು ಎಂದು ಬಾಯಿತೆರೆದ ಪುಟ್ಟ ಹುಡುಗಿಯ ದನಿ. ಅದನ್ನು ಇವರು ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲಿಸಿದ್ದರು. ಮುಂದಿನ ಸಾಲಿನಲ್ಲಿ ಅಜ್ಜಿ, ತನ್ನದೇ ದನಿ ಯಾರದೋ ಎಂಬಂತೆ, ಕಿವಿಯ ಹಿಂದೆ ಕೈಯಿಟ್ಟು ಕೇಳುತ್ತಿದ್ದಳು. ನೀರು ಹೊಸ್ತಿಲಿಗೆ ಬಂತು. ಟಕ್.

"ಹೇಳಮ್ಮ," ಪಂಡಿತರು ಮೈಕನ್ನು ಅವಳ ಬಾಯಿಗೆ ಹಿಡಿದರು. "ಆ ಊರು ಇಲ್ಲೇ ಮುಳುಗಿತು. ನಿಜ ತಾನೇ?"

ಮೇಡಂ ತಲೆಯಾಡಿಸಿ ಸನ್ನೆ ಮಾಡಿದರು. ಒಂದೇ ಅಕ್ಷರ.

"ಊಹೂಂ," ಎಂದಳು ಮೊಮ್ಮಗಳು.

ಪಂಡಿತರು ಹಲ್ಲು ಬಿಟ್ಟು ಸಭೆಯ ಕಡೆ ತಿರುಗಿದರು. "ಮೈಕು ಸ್ವಲ್ಪ ತೊದಲುತ್ತಿದೆ. ಹೂಂ ಅಂದರು."

"ಮೈಕು ಸರಿಯಿದೆ. ಊಹೂಂ ಅಂದೆ," ಎಂದಳು ಅವಳು, ಈ ಸಲ ಮೈಕಿಲ್ಲದೆ, ಹಿಂದಿನ ಸಾಲಿಗೂ ಕೇಳುವಂತೆ. "ನಾನು ಅವತ್ತು ಹೂಂ ಅಂದದ್ದು ನಿಮಗಲ್ಲ, ನಮ್ಮಜ್ಜಿಗೆ. ಅದರ ಅರ್ಥ ಹೌದು ಅಂತಲ್ಲ, ಮುಂದೆ ಹೇಳು ಅಂತ. ನೀವು ಮುಂದಕ್ಕೆ ಕೇಳಲೇ ಇಲ್ಲ. ಆ ಹೂಂ ನಾನು ವಾಪಸ್ ತಗೊಂಡಿದ್ದೀನಿ."

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ನಗು ಅಂಟುಜಾಡ್ಯದ ಹಾಗೆ ಸಾಲಿಂದ ಸಾಲಿಗೆ ಹತ್ತಿತು. ಅಷ್ಟರಲ್ಲಿ ಮೊಮ್ಮಗಳು ಗಾಜಿನ ಪೆಟ್ಟಿಗೆ ತೆರೆದು (ದಿನಾ ಅದನ್ನು ತೆರೆದು ಒರೆಸುತ್ತಿದ್ದವಳು ಅವಳೇ ತಾನೇ) ಒಂದು ಟೈಲನ್ನು ಮಗುಚಿಟ್ಟಳು. ಜನ ಮತ್ತೆ ಬಗ್ಗಿ ನೋಡಿದರು. ಜಾರುವುದಿಲ್ಲ ಎಂದು ಯಾರೋ ದೊಡ್ಡದಾಗಿ ಓದಿದ್ದೇ ತಡ, ಪಂಡಿತರು ವೇದಿಕೆಯ ಹಿಂಬಾಗಿಲಿನಿಂದ ಜಾರಿದರು.

ಮೇಡಂ ಮುಖ ಕೆಂಪಗಾಗಿತ್ತು. "ನಾಳೆಯಿಂದ ಬರಬೇಡ."

"ಸರಿ ಮೇಡಂ. ತೊಟ್ಟಿಯ ನೀರು ಸಂಜೆಗೆ ಬದಲಿಸಬೇಕು, ಯಾರಿಗಾದರೂ ಹೇಳಿ."

ಬರುವಾಗ ಇದ್ದ ಕಾರು ಹೋಗುವಾಗ ಇರಲಿಲ್ಲ. ಅಜ್ಜಿ, ಮೊಮ್ಮಗಳು ಎದುರಿನ ಬಸ್ ಸ್ಟಾಪಿನ ಕಬ್ಬಿಣದ ಬೆಂಚಿನ ಮೇಲೆ ಕೂತರು. ಬಿಸಿಲಿಗೆ ಬೆಂಚು ಕಾದಿತ್ತು.

"ಒಂದಕ್ಷರ ಕೇಳಿದರೆ ಎರಡು ಕೊಟ್ಟೆಯಲ್ಲೇ," ಎಂದಳು ಅಜ್ಜಿ. "ಧಾರಾಳಿ ನೀನು."

"ಕೆಲಸ ಹೋಯ್ತು ಅಜ್ಜಿ."

"ಹೋಗಲಿ. ಹೂಂ ಬಂತಾ?"

"ಬಂತು. ಉಳಿದದ್ದು ನೆನಪಿದೆಯಾ? ನರಿ ಗಿರಿ ಬಂದರೆ ನಾನು ಕೇಳಲ್ಲ."

"ಈ ಕಥೆಯಲ್ಲಿ ನರಿ ಇಲ್ಲ, ನೆಂಟ ಇದ್ದಾನೆ." ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು. "ನೀರು ಹೊಸ್ತಿಲಿಗೆ ಬಂತಾ?"

"ಹೂಂ."

"ಹೊಸ್ತಿಲು ತೊಳೆದು ವಾಪಸ್ ಹೋಯ್ತು. ಪ್ರತಿ ವರ್ಷ ಹಾಗೇ ಬರ್ತಿತ್ತು, ಹೋಗ್ತಿತ್ತು. ಸಮುದ್ರಕ್ಕೆ ಮರ್ಯಾದೆ ಗೊತ್ತಿತ್ತು. ಆದರೆ ಅದೇ ವರ್ಷ ರಾಜನ ಹೆಂಡತಿ ಕಡೆಯ ಒಬ್ಬ ನೆಂಟ ಬಂದ."

"ಹೂಂ."

"ಅವನು ಹೋಗಲೇ ಇಲ್ಲ. ಅಕ್ಕಸಾಲಿಗೆ ಚಿನ್ನ ಅಂದರೇನು ಅಂತ ವಿವರಿಸಿದ. ಬಾಣಂತಿಗೆ ಹೆರಿಗೆ ಅಂದರೇನು ಅಂತ ವಿವರಿಸಿದ. ಊರಿಗೆ ಊರೇ ಹೈರಾಣಾಯ್ತು. ಆಗ ರಾಜನ ಸೊಸೆ ಏನು ಮಾಡಿದಳು, ಅವನನ್ನ ವಿಹಾರಕ್ಕೆ ಅಂತ ದೋಣಿ ಹತ್ತಿಸಿದಳು. ದೋಣಿ ತೂಗ್ತು, ಅವನಿಗೆ ನಿದ್ದೆ ಬಂತು. ಎಲ್ಲಿ ಬಂತು?"

"ನನ್ನ ಹಾಗೇ, ಕಥೆಯ ಮಧ್ಯದಲ್ಲಿ," ಎಂದು ಮೊಮ್ಮಗಳು ನಕ್ಕಳು. "ಹೂಂ."

ಬಸ್ಸು ಬಂತು. ನಿಂತಿತು. ಕಂಡಕ್ಟರು "ಹತ್ತಿ, ಹತ್ತಿ" ಎಂದ. ಅಜ್ಜಿ ಅವನತ್ತ ನೊಣ ಓಡಿಸುವಂತೆ ಕೈಯಾಡಿಸಿದಳು. ಬಸ್ಸು ಹೋಯಿತು.

"ದೋಣಿಯವರು ಅವನನ್ನ ದೂರದ ಖಾಲಿ ದಡವೊಂದರಲ್ಲಿ ಇಳಿಸಿ ಬಂದರು. ಎದ್ದು ನೋಡ್ತಾನೆ, ಊರಿಲ್ಲ. ಮುಂದೆ ನೀರು, ಹಿಂದೆ ಮರಳು. ಸೊಸೆ ಕಳಿಸಿದ್ದ ಒಬ್ಬಳು ಮುದುಕಿ ಅಲ್ಲಿ ಕೂತಿದ್ದಳು. ಊರೆಲ್ಲಿ ಅಂತ ಕೇಳಿದ. ಮುಳುಗಿತು ಸ್ವಾಮಿ ಅಂದಳು. ಪೂರ್ತಿ ಮುಳುಗಿತಾ ಅಂದ. ಮುದುಕಿ ಏನಂದಳು?"

ಮೊಮ್ಮಗಳ ಕಣ್ಣು ಅಗಲವಾಯಿತು. "ಹೂಂ ಅಂದಳು!"

"ಹೂಂ ಅಂದಳು. ಅವತ್ತು ನೀರಿಗಿಳಿದವನು ಇನ್ನೂ ಹುಡುಕ್ತಾನೇ ಇದ್ದಾನೆ. ಊರು ಮಾತ್ರ ಇದ್ದಲ್ಲೇ ಇದೆ. ಅಕ್ಕಸಾಲಿ ರೇಕು ಬಡೀತಾನೆ, ದೀಪ ಉರೀತದೆ, ಯಾರೂ ಯಾರಿಗೂ ಏನೂ ವಿವರಿಸಲ್ಲ. ಅಷ್ಟೇ ಕಥೆ."

"ಇದನ್ನ ಈಗ ಕಟ್ಟಿದ್ದಾ ಅಜ್ಜಿ, ಮೊದಲಿಂದ ಇದ್ದದ್ದಾ?"

ಅಜ್ಜಿ ಬೆಂಚಿಗೆ ಒರಗಿ, ಸೆರಗು ಕಣ್ಣಿಗೆ ಎಳೆದುಕೊಂಡು, ದೂರದಲ್ಲಿ ಹೊಳೆಯುತ್ತಿದ್ದ ನೀರಿನ ಕಡೆ ಗಲ್ಲ ತೋರಿಸಿದಳು.

"ಕೊನೇ ಸಾಲಿಗೆ ನೀನಿನ್ನೂ ಏನೂ ಅನ್ನಲಿಲ್ಲ. ನಿದ್ದೆ ಹೋದೆಯಾ?"

"ಊಹೂಂ," ಎಂದಳು ಮೊಮ್ಮಗಳು. ಆಮೇಲೆ, ಎಷ್ಟೋ ವರ್ಷಗಳಿಂದ ಬಾಕಿ ಇದ್ದದ್ದನ್ನು, ಮಧ್ಯಾಹ್ನದ ಬಿಸಿಲಿನಲ್ಲಿ, ಪೂರ್ತಿ ಎಚ್ಚರವಾಗಿ ಅಂದಳು:

"ಹೂಂ."