ಕೇಳದೆ ಕೊಟ್ಟ ಕೈ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕತ್ತರಿಯಕ್ಕ ಎಂದೇ ಕರೆಯುತ್ತಿದ್ದರು. ಆಪರೇಷನ್ ಥಿಯೇಟರಿನಲ್ಲಿ ಸರ್ಜನ್ನರಿಗೆ ಉಪಕರಣ ಎತ್ತಿಕೊಡುತ್ತ ಇಪ್ಪತ್ತೆರಡು ವರ್ಷ ಕಳೆದ ನರ್ಸು. ಕೈಯಲ್ಲೂ ಕತ್ತರಿ, ಬಾಯಲ್ಲೂ ಕತ್ತರಿ. ಅಂಥವಳಿಗೆ ಈಗ ಅವಳ ಬಲಗೈಯೇ ಕೈಕೊಟ್ಟಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಜೋಮು ಹಿಡಿದು, ಅಂಗಿಯ ಗುಂಡಿ ಹಾಕಿಕೊಳ್ಳಲೂ ಗಂಡನನ್ನು ಕರೆಯಬೇಕಾಗಿತ್ತು.

“ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ನನ್ನನ್ನ ನಂಬಿ ಒಂದು ಕೆಲಸ ಕೊಟ್ಟೆಯಲ್ಲ, ಅಷ್ಟು ಸಾಕು” ಎಂದು ಅವನು ನಗುತ್ತ ಗುಂಡಿ ಹಾಕುತ್ತಿದ್ದ. ಅವಳಿಗೆ ನಗು ಬರುತ್ತಿರಲಿಲ್ಲ.

ಕಾಯಿಲೆಯ ಹೆಸರನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಾರ್ಪಲ್ ಟನಲ್. ಮಣಿಕಟ್ಟಿನೊಳಗೆ ಇಕ್ಕಟ್ಟಾದ ಒಂದು ಓಣಿ, ಅದರೊಳಗೆ ಬೆರಳುಗಳಿಗೆ ಹೋಗುವ ನರ, ಮೇಲೊಂದು ಗಟ್ಟಿ ಪಟ್ಟಿ. ಆ ಪಟ್ಟಿ ನರವನ್ನು ಅದುಮಿದರೆ ಬೆರಳು ಜೋಮು ಹಿಡಿಯುತ್ತದೆ. ಪಟ್ಟಿಯನ್ನು ಉದ್ದಕ್ಕೂ ಸೀಳಿಬಿಟ್ಟರೆ ನರ ನಿರಾಳ. ಉದ್ದಕ್ಕೂ ಎಂದರೆ ಉದ್ದಕ್ಕೂ; ಒಂದು ತುದಿಯಲ್ಲಿ ಚೂರು ಉಳಿದರೂ ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ. ಇಂಥ ನೂರಾರು ಕೈಗಳಿಗೆ ಅವಳೇ ಬ್ಲೇಡು ಎತ್ತಿಕೊಟ್ಟಿದ್ದಳು.

ಕಳೆದ ತಿಂಗಳು ಆಪರೇಷನ್ ನಡುವೆ ಕತ್ತರಿ ಅವಳ ಕೈಜಾರಿ ನೆಲಕ್ಕೆ ಬಿತ್ತು. ಮರುದಿನ ಮೇಟ್ರನ್ ಕರೆಸಿದರು. “ಮೂರು ತಿಂಗಳು ನೋಡೋಣ. ಕೈ ಸರಿಹೋದ್ರೆ ಥಿಯೇಟರು, ಇಲ್ಲಾಂದ್ರೆ ಲಿನನ್ ರೂಮು” ಎಂದರು. ದಿಂಬಿನ ಚೀಲ ಮಡಿಸುತ್ತ ಕೂರುವುದಕ್ಕೆ ತಾನು ಹುಟ್ಟಿಲ್ಲ ಎಂದುಕೊಂಡು ಅವಳು ಅಲ್ಲಿಂದಲೇ ಸರ್ಜನ್ ಕೋಣೆಗೆ ನಡೆದಳು. ಅವರ ಎದುರು ನಿಂತು ಹನ್ನೆರಡು ವರ್ಷ ಕೆಲಸ ಮಾಡಿದ್ದಳು. ವಯಸ್ಸಿನಲ್ಲಿ ಚಿಕ್ಕವರಾದ್ದರಿಂದ ಅವರೂ ಅವಳನ್ನು ಅಕ್ಕ ಎನ್ನುತ್ತಿದ್ದರು.

“ಗುರುವಾರ ನನ್ನ ಕೈ ಮಾಡಿಬಿಡಿ ಡಾಕ್ಟ್ರೇ. ಆದ್ರೆ ನಿದ್ದೆ ಬರೋ ಇಂಜೆಕ್ಷನ್ ಬೇಡ. ಕೈಯಷ್ಟೇ ಮರಗಟ್ಟಲಿ.”

“ಯಾಕಕ್ಕ, ನನ್ನ ಮೇಲೆ ನಂಬಿಕೆ ಇಲ್ವಾ?”

“ನಂಬಿಕೆ ಇದೆ. ಜೊತೆಗೆ ಕಾವಲೂ ಇರ್ಲಿ.”

ಇಬ್ಬರ ನಡುವೆ ಒಂದು ರೂಢಿ ಬೆಳೆದಿತ್ತು. ಸರ್ಜನ್ ಬಾಯಿಬಿಟ್ಟು ಏನನ್ನೂ ಕೇಳುತ್ತಿರಲಿಲ್ಲ. ಅಂಗೈ ಚಾಚಿದರೆ ಸಾಕು, ಬೇಕಾದದ್ದು ಬಂದು ಕೂರುತ್ತಿತ್ತು. ಬ್ಲೇಡು, ಗಾಯದ ಅಂಚು ಎಳೆದು ಹಿಡಿಯುವ ಕೊಕ್ಕೆ, ಕತ್ತರಿ, ಪ್ರೋಬ್, ಸೂಜಿದಾರ. ಕಲಿಯಲು ಬಂದವರು ಇದನ್ನು ಕಂಡು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಅವಳೂ ಬಾಯಲ್ಲಿ ಹೇಳದಿದ್ದರೇನಂತೆ, ಒಳಗೊಳಗೇ ಬೀಗುತ್ತಿದ್ದಳು.

ಗುರುವಾರ ಬಂತು. ಅವಳು ಮೇಜಿನ ಮೇಲೆ ಅಂಗಾತ ಮಲಗಿದಳು. ಬಲಗೈಯನ್ನು ಪಕ್ಕದ ಹಲಗೆಯ ಮೇಲೆ ಚಾಚಿಟ್ಟು, ನಡುವೆ ಹಸಿರು ಬಟ್ಟೆಯ ಮರೆ ಕಟ್ಟಿದರು. ಅವಳ ಜಾಗದಲ್ಲಿ ವಾರ್ಡಿನಿಂದ ಬಂದ ನರ್ಸು ನಿಂತಿದ್ದಳು. ಕೈ ಮರಗಟ್ಟಿತು. ಸರ್ಜನ್ ರೂಢಿಯಂತೆ ಅಂಗೈ ಚಾಚಿರಬೇಕು. ಏನೂ ಬರಲಿಲ್ಲವೆಂದು ಅವರ ನಿಟ್ಟುಸಿರಿನಿಂದಲೇ ಅವಳಿಗೆ ಗೊತ್ತಾಯಿತು.

“ಬ್ಲೇಡ್ ಕೊಡಿ ಸಿಸ್ಟರ್” ಎಂದರು. ಆಮೇಲೆ “ಕೊಕ್ಕೆ” ಎಂದರು. ಅಷ್ಟು ವರ್ಷದಲ್ಲಿ ಅವರು ಹೀಗೆ ಬಾಯಿಬಿಟ್ಟು ಕೇಳಿದ್ದನ್ನು ಅವಳು ಕೇಳಿರಲೇ ಇಲ್ಲ.

ಮರೆಯ ಆಚೆ ಕಾಣದಿದ್ದರೂ ಕಿವಿಗೆ ಮರೆಯಿರಲಿಲ್ಲ. ಪಟ್ಟಿ ಸೀಳುವಾಗಿನ ಕರಕರ ಸದ್ದು ಅವಳಿಗೆ ಚಿರಪರಿಚಿತ. ಅದು ನಿಂತಿತು. ಬ್ಲೇಡು ಟ್ರೇಗೆ ಬಿತ್ತು. ಕತ್ತರಿ ಹೋಯಿತು, ಬಂತು. ಮುಂದಿನದು ಪ್ರೋಬ್. ಮೊಂಡು ತುದಿಯ ಆ ತೆಳ್ಳನೆ ಸಲಾಕೆಯನ್ನು ಒಳಗೆ ತೂರಿಸಿ, ಕಣ್ಣಿಗೆ ಕಾಣದ ಕಡೆ ಪಟ್ಟಿಯ ಎಳೆ ಉಳಿದಿದೆಯೇ ಎಂದು ತಡವಿ ನೋಡಬೇಕು. ಅವಳು ಕಾದಳು.

“ಸೂಜಿದಾರ” ಎಂದರು ಸರ್ಜನ್.

“ಡಾಕ್ಟ್ರೇ, ನಿಲ್ಲಿಸಿ.”

“ನೋವಾಗ್ತಿದ್ಯಾ ಅಕ್ಕ?”

“ಇಲ್ಲ. ಪ್ರೋಬ್ ಹಾಕಿ ನೋಡ್ಲಿಲ್ಲ.”

“ಪೂರ್ತಿ ಸೀಳಿದ್ದೀನಿ. ಕಣ್ಣಿಗೆ ಕಾಣ್ತಿದೆ. ನೀವು ಸುಮ್ನೆ ಮಲಗಿ.”

“ಕಾಣೋ ಕಡೆ ಸೀಳಿದ್ದೀರಿ. ಮಣಿಕಟ್ಟಿನ ಆಚೆ, ಚರ್ಮ ಕುಯ್ದಿಲ್ಲದ ಕಡೆ?”

ಅವಳಿಗೆ ಭಯವಾಯಿತು. ಸೀಳಿದ ಕೈಯನ್ನು ಇನ್ನೊಬ್ಬರ ವಶಕ್ಕೆ ಕೊಟ್ಟು ಮಲಗಿದವಳು ಜಗಳಕ್ಕೆ ನಿಲ್ಲುವುದೇ? ಸುಮ್ಮನಿದ್ದರೆ ಹೊಲಿಗೆ ಬೀಳುತ್ತದೆ. ಎಳೆ ಉಳಿದಿದ್ದರೆ ಜೋಮೂ ಉಳಿಯುತ್ತದೆ, ಲಿನನ್ ರೂಮೂ ಗ್ಯಾರಂಟಿ. ಅವಳು ಹಲ್ಲು ಕಚ್ಚಿದಳು.

“ನನ್ನ ಕೈ ಇದು. ಪ್ರೋಬ್ ಹಾಕದೆ ಹೊಲಿಯೋಕೆ ಬಿಡಲ್ಲ. ಟ್ರೇಯ ಎಡಮೂಲೆಲಿದೆ ನೋಡಮ್ಮ, ಮೊಂಡು ತುದಿಯದು. ಅವರ ಕೈಗೆ ಕೊಡು.”

ಆ ನರ್ಸು ಕೊಟ್ಟಳು. ಆಮೇಲೆ ಸರ್ಜನ್ ತಗ್ಗಿದ ದನಿಯಲ್ಲಿ, “ತಡೀತಾ ಇದೆ. ಒಂದು ಎಳೆ ಉಳಿದಿದೆ. ಕತ್ತರಿ ಕೊಡಿ” ಎಂದರು. ಸಣ್ಣಗೆ ಕರಕ್ಕೆಂದಿತು. ಪ್ರೋಬ್ ಮತ್ತೆ ಹೋಯಿತು. “ಈಗ ಸಲೀಸಾಗಿ ಹೋಗ್ತಿದೆ ಅಕ್ಕ.”

ಅವಳ ಕಣ್ಣಂಚಿನಿಂದ ನೀರು ಕಿವಿಗೆ ಇಳಿಯಿತು.

“ಹನ್ನೆರಡು ವರ್ಷದಲ್ಲಿ ಒಂದು ಸಲಾನೂ ಇದನ್ನ ಮರೆತಿರಲಿಲ್ಲ ನಾನು” ಎಂದು ಸರ್ಜನ್ ಗೊಣಗಿದರು.

“ಮರೆಯೋಕೆ ಮೊದಲು ನೆನಪಿರಬೇಕಲ್ಲ ಡಾಕ್ಟ್ರೇ. ನಾನು ಕೈಗಿಡ್ತಿದ್ದೆ, ನೀವು ಹಾಕಿ ನೋಡ್ತಿದ್ರಿ.”

ಚುಡಾಯಿಸಲೆಂದೇ ಆಡಿದ ಮಾತು. ಆದರೆ ಬಾಯಿಂದ ಹೊರಬಿದ್ದ ಮೇಲೆ ಅವಳಿಗೆ ತನ್ನ ಈಚಿನ ರಜೆ ನೆನಪಾಯಿತು. ಹಿರಿಮಗಳ ಹೆರಿಗೆಗೆಂದು ಅವಳು ಮೂರು ವಾರ ರಜೆ ಹಾಕಿದ್ದಳು. ಆಗ ಇವರ ಕೈಗೆ ಪ್ರೋಬ್ ಇಟ್ಟವರು ಯಾರು? ಯಾರೂ ಇಲ್ಲ. ಯಾರಿಗೂ ಅವಳು ಹೇಳಿಕೊಟ್ಟಿರಲಿಲ್ಲ, ಇವರು ಬಾಯಿಬಿಟ್ಟು ಕೇಳುವಂತೆಯೂ ಮಾಡಿರಲಿಲ್ಲ. ತನ್ನ ಹೆಮ್ಮೆಗೆ ತಾನೇ ನೀರೆರೆದು ಬೆಳೆಸಿಕೊಂಡಿದ್ದಳು. ಅವಳಿಗೆ ನಾಚಿಕೆಯಾಯಿತು.

“ನಾನು ರಜೆಲಿದ್ದಾಗ ಎಷ್ಟು ಕೈ ಮಾಡಿದ್ರಿ?”

“ನಾಲ್ಕು” ಎಂದರು ಸರ್ಜನ್. “ಅದರಲ್ಲಿ ಒಬ್ಬ ಟೈಲರ್ ವಾಪಸ್ ಬಂದಿದ್ದ. ಜೋಮು ಹೋಗಿಲ್ಲ, ಸೂಜಿ ಹಿಡಿಯೋಕಾಗ್ತಿಲ್ಲ ಅಂದ. ಟೈಮ್ ಹಿಡಿಯುತ್ತೆ ಅಂತ ಹೇಳಿ ಕಳಿಸಿಬಿಟ್ಟೆ.”

ಮರುದಿನ ಬೆಳಿಗ್ಗೆ ಮರಗಟ್ಟಿದ್ದು ಪೂರಾ ಬಿಟ್ಟಿತ್ತು. ಬ್ಯಾಂಡೇಜಿನಿಂದ ಹೊರಗಿದ್ದ ಹೆಬ್ಬೆರಳಿಗೆ ಹೊದಿಕೆಯ ಅಂಚಿನ ಹೊಲಿಗೆ ತಾಕಿತು, ತಾಕಿದ್ದು ಗೊತ್ತಾಯಿತು. ಅವಳು ಗಂಡನ ಎದುರೇ ಅತ್ತಳು. ಆಮೇಲೆ ಅವನಿಂದಲೇ ಗುಂಡಿ ಹಾಕಿಸಿಕೊಂಡಳು.

“ರಜೆ ಕೊಟ್ಟಿದ್ದಾರಲ್ಲೇ, ಎಲ್ಲಿಗೆ?” ಎಂದ ಅವನು.

“ಕೈಗೆ ರಜೆ. ಕಾಲಿಗಲ್ಲ.”

ಸರ್ಜನ್ ತಮ್ಮ ಕೋಣೆಗೆ ಬಂದಾಗ ಥಿಯೇಟರಿನ ರಿಜಿಸ್ಟರು ಮೇಜಿನ ಮೇಲೆ ತೆರೆದಿತ್ತು. ನಾಲ್ಕು ಹೆಸರಿನ ಪಕ್ಕ ಪೆನ್ಸಿಲ್ ಗೆರೆ. ಫೋನನ್ನು ಅವರ ಕುರ್ಚಿಯ ಕಡೆ ತಿರುಗಿಸಿಟ್ಟು ಅವಳು ಪಕ್ಕದಲ್ಲಿ ನಿಂತಿದ್ದಳು.

“ಫೋನ್ ನೀವು ಮಾಡ್ತೀರೋ, ನಾನು ಮಾಡ್ಲೋ?”

ಅವರು ಆ ಹೆಸರುಗಳ ಮೇಲೆ ಕಣ್ಣಾಡಿಸಿದರು. “ನಾನೇ ಮಾಡ್ತೀನಿ. ಏನಂತ ಹೇಳ್ಲಿ ಅಕ್ಕ?”

“ಅದನ್ನ ನಾನು ಕೈಗಿಡಲ್ಲ ಡಾಕ್ಟ್ರೇ.”

ಅವರು ನಂಬರು ಒತ್ತಿದರು. ಆ ಕಡೆಯಿಂದ ಹೊಲಿಗೆಯಂಗಡಿಯ ಗಲಾಟೆ ಕೇಳಿಸಿತು.

“ನಿಮ್ಮ ಕೈ ಆಪರೇಷನ್ ಮಾಡಿದ ಡಾಕ್ಟರು ಮಾತಾಡ್ತಿರೋದು” ಎಂದರು ಸರ್ಜನ್. “ಟೈಮ್ ಹಿಡಿಯುತ್ತೆ ಅಂದಿದ್ದೆನಲ್ಲ, ಅದು ಸರಿಯಲ್ಲ. ನಾನೇ ಕೆಲಸ ಅರ್ಧಕ್ಕೆ ಬಿಟ್ಟಿರಬಹುದು. ನಾಳೆ ಬನ್ನಿ, ನೋಡ್ತೀನಿ.”

ಅವರು ಫೋನ್ ಇಡುವುದರೊಳಗೆ ಅವಳು ಎರಡನೇ ಹೆಸರಿನ ಮೇಲೆ ಬೆರಳಿಟ್ಟಿದ್ದಳು.