ತವರಿನ ಸೀರೆ

“ಆ ಸೀರಿ ಒಳಗಿಡವ್ವ, ಅದು ನಡಿಯಂಗಿಲ್ಲ,” ಎಂದು ಪಕ್ಕದ ಮನೆಯ ದುರಗವ್ವ ಕರೆವ್ವನ ಕೈ ಹಿಡಿದಳು.

ತಾಯಿ ತೀರಿದ ಸುದ್ದಿ ತಿಳಿದು ಬ್ಯಾಡಗಿಯಿಂದ ಮೊದಲ ಬಸ್ಸಿಗೆ ಬಂದಿದ್ದ ಕರೆವ್ವ, ಹೆಣಕ್ಕೆ ಹೊದಿಸಲು ಹಸಿರು ಇಳಕಲ್ ಸೀರೆ ಬಿಚ್ಚಿ ನಿಂತಿದ್ದಳು.

“ಯಾಕ ನಡಿಯಂಗಿಲ್ಲಬೇ? ಹೊಟ್ಟಿಲೆ ಹುಟ್ಟಿದ ಮಗಳು ತಂದೇನಿ.”

“ಮಗಳ ಸೀರಿ ಆಮ್ಯಾಲೆ. ಹೆಣಕ್ಕ ಮೊದಲ ಹೊದಿಸೂದು ತವರಮನಿ ಸೀರಿ. ಅದು ಬರೂತನಕ ಹೆಣ ಎತ್ತಂಗಿಲ್ಲ.”

“ಅವ್ವಗ ತವರ ಎಲ್ಲೈತಿ? ಆ ಊರು ಡ್ಯಾಮಿನ ನೀರಾಗ ಹೋಗಿ ನಲವತ್ತ ವರ್ಷ ಆತು.”

ಮಾತು ಖರೇ. ತಾಯಿ ಉಚ್ಚಂಗೆವ್ವನ ತವರೂರು ತುಂಗಭದ್ರೆಯ ಹಿನ್ನೀರಿನಲ್ಲಿ ಮುಳುಗಿತ್ತು, ಅಣ್ಣತಮ್ಮಂದಿರು ದಿಕ್ಕಾಪಾಲಾಗಿದ್ದರು. ಆಕೆ ರಾಣೇಬೆನ್ನೂರಿನ ಬಸ್‌ಸ್ಟ್ಯಾಂಡ್ ಹಿಂದೆ ಖಾನಾವಳಿ ಇಟ್ಟು, ಮೂವತ್ತು ವರ್ಷ ರೊಟ್ಟಿ ಬಡಿದು, ನಿನ್ನೆ ಒಲೆಯ ಮುಂದೆಯೇ ಕಣ್ಣು ಮುಚ್ಚಿದ್ದಳು.

“ಯಂಚವ್ವ ಎಲ್ಲಿ ಹೋದ್ಲು? ಮುಂಜಾನೆ ಇಲ್ಲೇ ಅಳಕೋತ ಕುಂತಿದ್ಲು,” ಎಂದಳು ದುರಗವ್ವ.

ಆ ಹೆಸರು ಕೇಳಿದರೆ ಸಾಕು, ಕರೆವ್ವನಿಗೆ ಮೈ ಉರಿಯುತ್ತಿತ್ತು. “ಅಂಗಡಿ ತಗ್ಯಾಕ ಹೋಗಿರಬೇಕು. ಥಂಡಿ ದಿನ, ಸ್ವೆಟರ್ ವ್ಯಾಪಾರ ಬಿಡತಾಳೇನು?”

*

ಒಂಬತ್ತು ವರ್ಷದ ಹಿಂದೆ, ಮದುವೆಯಾದ ಮೊದಲ ದೀಪಾವಳಿಗೆ ಕರೆವ್ವ ಬಂದಾಗ, ಪಡಸಾಲೆಯಲ್ಲಿ ಪರದೇಶದ ಹೆಂಗಸೊಬ್ಬಳು ಉಣ್ಣುತ್ತ ಕೂತಿದ್ದಳು. ಮುಂಡಗೋಡದ ಟಿಬೆಟ್ ನಿರಾಶ್ರಿತರ ಕ್ಯಾಂಪಿನಿಂದ ಸ್ವೆಟರ್ ಮಾರಲು ಬಂದವಳು, ಹೆಸರು ಯಾಂಗ್‌ಚೆನ್. ಊರಲ್ಲಿ ಯಾರೂ ಇರಲು ಖೋಲಿ ಕೊಟ್ಟಿರಲಿಲ್ಲ. ಉಚ್ಚಂಗೆವ್ವ ಗಂಟು ಸಮೇತ ಮನೆಗೆ ಕರೆತಂದು, ಆ ಹೆಸರಿಗೆ ನಾಲಿಗೆ ಹೊರಳದೆ ಯಂಚವ್ವ ಎಂದು ಕರೆದು, ಬಜಾರದವರ ಜೊತೆ ಜಗಳವಾಡಿ ಅಂಗಡಿ ಹಚ್ಚಲು ಜಾಗ ಕೊಡಿಸಿದ್ದಳು. ಅದೆಲ್ಲ ಇರಲಿ. ಅವಳು ಉಣ್ಣುತ್ತಿದ್ದದ್ದು ಕರೆವ್ವನ ಹೆಸರು ಕೆತ್ತಿಸಿದ ತಾಟಿನಲ್ಲಿ!

“ನನ್ನ ತಾಟೇ ಬೇಕಿತ್ತೇನಬೇ?”

“ನಿನಗ ಗಂಡನ ಮನ್ಯಾಗೂ ತಾಟ ಐತಿ, ಅಕಿಗೆ ಎಲ್ಲೈತಿ? ನಾನೂ ಹಿಂಗ ಗಂಟ ಹೊತ್ಕೊಂಡ ಈ ಊರಿಗೆ ಬಂದಾಕಿ. ಯಾರೂ ಕುಂದ್ರು ಅನ್ನಲಿಲ್ಲ.”

ಕರೆವ್ವ ಅಂದು ಉಣ್ಣಲಿಲ್ಲ. ಆಮೇಲೆ ಯಾವಾಗ ಬಂದರೂ ಬಾಳೆಲೆ ಕೇಳಿದಳೇ ಹೊರತು ಆ ತಾಟು ಮುಟ್ಟಲಿಲ್ಲ. ಬಜಾರದಲ್ಲಿ ಜನ “ಉಚ್ಚಂಗೆವ್ವನ ಮಗಳಂದ್ರ ಸ್ವೆಟರಿನಾಕಿ ಅಲ್ಲೇನು?” ಎಂದಾಗಲಂತೂ ಅವಳು ಕೊಂಡ ಸಾಮಾನು ಅಲ್ಲೇ ಬಿಟ್ಟು ಮನೆಗೆ ಬಂದುಬಿಡುತ್ತಿದ್ದಳು.

*

ಯಂಚವ್ವ ಏದುಸಿರು ಬಿಡುತ್ತ ಬಂದಳು. ಕೈಯಲ್ಲಿ ಕೆಂಪು ಸೀರೆ.

“ಸೀರಿ ಅಂಗಡಿ ತಗದಿರಲಿಲ್ಲ. ಮಾಲಕರ ಮನಿಗೆ ಹೋಗಿ ಎಬ್ಬಿಸಿ ತಂದೆ,” ಎಂದಳು. “ಅವ್ವ ಹೇಳಿದ್ಲು. ನನಗೂ ಊರಿಲ್ಲ, ನಿನಗೂ ಊರಿಲ್ಲ, ನಾ ಸತ್ತರ ತವರ ಸೀರಿ ನೀನ ತರಬೇಕು ಅಂದ್ಲು.”

“ನನಗ ಹೇಳಲಿಲ್ಲ!” ಎಂದಳು ಕರೆವ್ವ. ತಾಯಿ ಸತ್ತದ್ದಕ್ಕಿಂತ ಇದೇ ಹೆಚ್ಚು ಸುಟ್ಟಿತು.

“ಹೇಳಿದ್ರ ನೀ ಒಪ್ಪತಿದ್ದೇನವ್ವ?” ಎನ್ನುತ್ತ ದುರಗವ್ವ ಕೆಂಪು ಸೀರೆ ಹೊದಿಸಿದಳು.

ಅದರ ಮೇಲೆ ಕರೆವ್ವ ತನ್ನ ಹಸಿರು ಸೀರೆಯನ್ನು ನಾಲ್ಕೂ ಕಡೆ ಎಳೆದೆಳೆದು ಹಾಸಿದಳು. ಆದರೂ ಕಾಲ ಬಳಿ ಕೆಂಪು ಅಂಚು ನಾಲ್ಕು ಬೆರಳು ಇಣುಕುತ್ತಿತ್ತು. ಯಂಚವ್ವ ತಾನೇ ಬಗ್ಗಿ, ಅದನ್ನು ಹಸಿರಿನ ಕೆಳಗೆ ಸೇರಿಸಿದಳು.

ಕರೆವ್ವ ನೋಡಿದಳು. ಎದ್ದು ಒಳಗೆ ಹೋದಳು.

“ಹೆಣದ ಮುಂದ ಚುರುಮುರಿ ತೂರಾಕ ಯಾರರ ಬರ್ರಿ, ಹೊತ್ತಾತು,” ಎಂದು ಹೊರಗೆ ಗಂಡಸರು ಕೂಗಿದರು. ಕರೆವ್ವ ತಾಟಿನ ತುಂಬ ಚುರುಮುರಿ ತಂದು ಯಂಚವ್ವನ ಎದುರು ಹಿಡಿದಳು.

“ತಗೋ, ನೀನ ಮುಂದ ನಡಿ. ಮಣ್ಣು ಮುಗಿದ ಮ್ಯಾಲೆ ನನ್ನ ತಾಟ ನನಗ ತಿರಗಿ ಕೊಡು.”

ಚಟ್ಟ ಎದ್ದಿತು. ಹಲಗೆ ಬಾರಿಸುವ ಸದ್ದಿನ ಹಿಂದೆ ಯಂಚವ್ವ ಅಳುತ್ತ, ಹಿಡಿ ಹಿಡಿ ತೂರುತ್ತ ನಡೆದಳು. ಪಕ್ಕದಲ್ಲೇ ಕರೆವ್ವ, ತಾಟಿನ ಮೇಲೆ ಒಂದು ಕಣ್ಣಿಟ್ಟು. ಬಸ್‌ಸ್ಟ್ಯಾಂಡ್ ದಾಟುವಷ್ಟರಲ್ಲಿ ಚುರುಮುರಿ ಅರ್ಧ ಮುಗಿದು, ತಳದಲ್ಲಿ ಕೆತ್ತಿದ ‘ಕರೆವ್ವ’ ಒಂದೊಂದೇ ಅಕ್ಷರವಾಗಿ ಕಾಣತೊಡಗಿತು.